ಸೋಲಾರ್ ಪಾರ್ಕಿನ ಬೇಲಿಯಾಚೆ ಮನೆ ಕಟ್ಟಿದ್ದು

ಪಾವಗಡದ ಸೋಲಾರ್ ಪಾರ್ಕ್ ನೋಡಲು ಬರುವವರು ಸಾಮಾನ್ಯವಾಗಿ ತಿರುಮಣಿಯ ದಾರಿಯಲ್ಲಿ ನಿಂತು ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಕಣ್ಣು ಹಾಯುವಷ್ಟು ದೂರವೂ ಫಲಕಗಳೇ. 13,000 ಎಕರೆ, 2,050 ಮೆಗಾವಾಟ್. ರೈತರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ಈ ಯೋಜನೆಯ ಒಳ್ಳೆಯ ಗುಣ ಎಂದು ಈಗಲೂ ಹೇಳುತ್ತೇನೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ, ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಸಣ್ಣ ಮೊತ್ತವಲ್ಲ. ಆದರೆ ಆ ಬಾಡಿಗೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಪಹಣಿಯೇ ಇರಲಿಲ್ಲ. ಅವರ ಪಾಲಿಗೆ ಕೂಲಿ ಹೋಯಿತು, ಆಡು ಮೇಯಿಸುವ ಜಾಗಕ್ಕೆ ಬೇಲಿ ಬಂತು. ಕೆಲವರಿಗೆ ಕಾವಲು ಕಾಯುವ, ಹುಲ್ಲು ಕೊಯ್ಯುವ ಕೆಲಸ ಸಿಕ್ಕಿತು. ಉಳಿದವರು ಬೆಂಗಳೂರಿನ ಬಸ್ ಹತ್ತಿದರು.

ನಾನು ಸಿವಿಲ್ ಇಂಜಿನಿಯರ್. ಪಾರ್ಕಿನಿಂದ ಅಷ್ಟೇನೂ ದೂರವಿಲ್ಲದ ಒಂದು ಕಾಲೊನಿಯಲ್ಲಿ, ಭೂಮಿ ಇಲ್ಲದ ಕುಟುಂಬಗಳಿಗೆ ಮನೆ ಕಟ್ಟುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿದ್ದೇನೆ. ಸರ್ಕಾರದ ವಸತಿ ಯೋಜನೆಯ ಹಣ, ಮಹಿಳಾ ಸಂಘದ ಉಳಿತಾಯ, ಒಂದಿಷ್ಟು ಸಾಲ, ಅವರದೇ ದುಡಿಮೆ, ಇಷ್ಟು ಬಂಡವಾಳ. ಮಣ್ಣು, ಬಿಸಿಲು, ಕಡಿಮೆ ಖರ್ಚಿನ ತಂತ್ರಜ್ಞಾನ ಎಂದರೆ ನನಗೆ ಕಾಲೇಜಿನ ದಿನಗಳಿಂದಲೂ ಹುಚ್ಚು. ಇಂಥ ಕೆಲಸಕ್ಕೆ ಇಳಿಯಬೇಕೆಂದಿರುವ ಕಿರಿಯ ಇಂಜಿನಿಯರುಗಳು ಆಗಾಗ ಫೋನ್ ಮಾಡಿ ವಿವರ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಶುರುಮಾಡುವ ಮೊದಲು ನನ್ನ ತಲೆಯಲ್ಲಿದ್ದದ್ದು ನಮ್ಮದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ, ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಕೇಂದ್ರದವರು ಆ ಊರಿನಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಹಾಕಿದರು. ಮೊದಲ ಆಲೋಚನೆ ಇದ್ದದ್ದು ಮನೆಮನೆಗೆ ಅಡುಗೆ ಅನಿಲ ಕೊಡುವುದು. ಅದು ನಿಲ್ಲಲಿಲ್ಲ. ಊರಿನವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಕೊಳವೆ ಬಾವಿಯ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ಕೊಟ್ಟ ಮನೆಗೆ ಗೊಬ್ಬರ ವಾಪಸು ಹೋಗುತ್ತಿತ್ತು. ಸ್ಥಾವರ ಹಲವು ವರ್ಷ ನಡೆಯಿತು. ಯಂತ್ರ ಹೆಚ್ಚೇನೂ ಬದಲಾಗಿರಲಿಲ್ಲ, ಅದು ಯಾವುದಕ್ಕೆ ಎನ್ನುವುದು ಬದಲಾಗಿತ್ತು.

ಹಾಗಾಗಿ ನಾನು ನಕ್ಷೆ ಒಯ್ಯಲಿಲ್ಲ. ಸಂಘದ ಸಭೆಯಲ್ಲಿ, ಮೊದಲು ಏನು ಬೇಕು ಎಂದು ಕೇಳಿದೆ. ಗಂಡಸರು ಮೋಲ್ಡ್ ಎಂದರು. ನಮ್ಮ ಕಡೆ ಕಾಂಕ್ರೀಟ್ ತಾರಸಿಗೆ ಅದೇ ಹೆಸರು. ಹೆಂಗಸರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಗಂಡಸರು ಬೀಡಿ ಸೇದಲು ಎದ್ದು ಹೋದ ಮೇಲೆ ಒಬ್ಬ ಅಜ್ಜಿ ಹೇಳಿದರು: "ಬಾಗಿಲಿರುವ ಬಚ್ಚಲು ಮಾಡಿಕೊಡಪ್ಪ. ಕತ್ತಲಾಗುವವರೆಗೆ ಕಾಯ್ದುಕೊಂಡು ಸ್ನಾನ ಮಾಡಿ ಸಾಕಾಗಿದೆ."

ಬಚ್ಚಲು ಮತ್ತು ಶೌಚಾಲಯಗಳ ಸಾಲು ಮೊದಲು ಎದ್ದಿತು. ಮನೆಯ ಪಾಯ ತೋಡುವ ಮುಂಚೆಯೇ ಬಚ್ಚಲು ಕಟ್ಟುತ್ತಿದ್ದೇವೆಂದು ನೋಡಿದವರು ನಕ್ಕರು. ಮನೆಯ ಅನುದಾನ ಹಂತಹಂತವಾಗಿ, ಪಾಯದ ಫೋಟೊ, ಗೋಡೆಯ ಫೋಟೊ, ಚಾವಣಿಯ ಫೋಟೊ ಎಂದು ಮೊಬೈಲ್‌ನಲ್ಲಿ ಜಿಪಿಎಸ್ ಸಮೇತ ಏರಿಸಿದ ಮೇಲೆಯೇ ಬಿಡುಗಡೆಯಾಗುತ್ತದೆ. ಬಚ್ಚಲಿನ ಫೋಟೊಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ಸಂಘದ ಉಳಿತಾಯವೇ ಆಧಾರವಾಯಿತು.

ಗೋಡೆಯ ವಿಷಯಕ್ಕೆ ಬರುತ್ತೇನೆ, ಹೇಳಲು ಹೆಚ್ಚು ಇರುವುದು ಇಲ್ಲಿಯೇ. ಈ ಸೀಮೆಯ ಹಳೆಯ ಮನೆಗಳು ಮಾಳಿಗೆ ಮನೆಗಳು: ದಪ್ಪ ಗೋಡೆ, ತೊಲೆ, ಅದರ ಮೇಲೆ ಸೌಳು ಮಣ್ಣಿನ ಮಾಳಿಗೆ, ಬೆಳಕಿಗೊಂದು ಗವಾಕ್ಷಿ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು. ಅದನ್ನು ಹಾಡಿ ಹೊಗಳುವ ವಾಸ್ತುಶಿಲ್ಪಿಗಳು ಬಹಳ. ಆದರೆ ವರ್ಷವರ್ಷ ಮಾಳಿಗೆಗೆ ಮಣ್ಣು ಹೊತ್ತು ಹಾಕುವವರು, ತೊಲೆಗೆ ಗೆದ್ದಲು ಹಿಡಿದಾಗ ಮರ ಹುಡುಕುವವರು, ಮಳೆಗಾಲದಲ್ಲಿ ಸೋರುವ ಕಡೆ ಪಾತ್ರೆ ಇಡುವವರು ಬೇರೆ. ಅವರು ಅದನ್ನು ಬಿಟ್ಟು ಶೀಟಿನ ಮನೆಗೆ ಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಶೀಟಿನ ಮನೆ ಮಧ್ಯಾಹ್ನ ಹನ್ನೆರಡರಿಂದ ಸಂಜೆಯವರೆಗೆ ಮನುಷ್ಯರು ಇರುವ ಜಾಗವಲ್ಲ, ಅದು ಬೇರೆ ಮಾತು.

ನಾನು ಸೂಚಿಸಿದ್ದು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ. ಗೂಡಿನಲ್ಲಿ ಸುಡಬೇಕಾಗಿಲ್ಲ, ಸೌದೆ ಬೇಡ, ಮಣ್ಣು ಅಲ್ಲಿಯದೇ. ಸುಟ್ಟ ಇಟ್ಟಿಗೆಯ ಗೋಡೆಗೆ ಹೋಲಿಸಿದರೆ ಇದರಲ್ಲಿ ಶೇ 60ರಿಂದ 70ರಷ್ಟು ಇಂಧನ ಉಳಿಯುತ್ತದೆ. ಈ ಲೆಕ್ಕವನ್ನು ಸಭೆಯಲ್ಲಿ ಹೇಳಿದಾಗ ಯಾರೂ ತಲೆ ಎತ್ತಲಿಲ್ಲ. "ನಿಮ್ಮ ಮನೆಯ ಗೋಡೆ ಯಾವುದು ಸಾರ್?" ಎಂದು ಒಬ್ಬ ಯುವಕ ಕೇಳಿದ. ನನ್ನ ಮನೆಯದು ಸುಟ್ಟ ಇಟ್ಟಿಗೆ, ನನ್ನ ತಂದೆ ಕಟ್ಟಿಸಿದ್ದು. ಹಾಗೆಂದೇ ಹೇಳಿದೆ. ಪ್ರಶ್ನೆ ನ್ಯಾಯವಾದದ್ದು. ಮಣ್ಣಿನ ಮನೆಯೆಂದರೆ ಅವರಿಗೆ ಪರಿಸರವಲ್ಲ. ಊರ ಹೊರಗೆ ಇರಿಸಿದ್ದರ ಗುರುತು. ತಲೆಮಾರುಗಳಿಂದ ಅದರಿಂದ ಹೊರಗೆ ಬರಲು ಒದ್ದಾಡಿದವರಿಗೆ ಮತ್ತೆ ಮಣ್ಣು ತೋರಿಸಲು ನಾನು ಯಾರು?

ಮಾತು ತಿರುಗಿದ್ದು ನನ್ನಿಂದಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಬಂದಿದ್ದ ಒಬ್ಬ ಹೆಣ್ಣುಮಗಳು ಮಾದರಿ ಇಟ್ಟಿಗೆಯನ್ನು ಕೈಗೆತ್ತಿಕೊಂಡು ನೋಡಿ, "ಇದನ್ನು ನಾನು ತಲೆಯ ಮೇಲೆ ಹೊತ್ತಿದ್ದೇನೆ. ಎರಡು ಕಾರು ನಿಲ್ಲಿಸುವ ಮನೆ ಅದು. ಗೋಡೆಗೆ ಪ್ಲಾಸ್ಟರೂ ಮಾಡಿಸಲಿಲ್ಲ, ಹೀಗೇ ಚೆಂದ ಎಂದು ಬಿಟ್ಟರು" ಎಂದಳು. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಜನ ಆಸೆಪಟ್ಟು ಇಂಥ ಮನೆ ಕಟ್ಟಿಸಿಕೊಳ್ಳುವುದು ನನಗೂ ಗೊತ್ತಿತ್ತು. ನಾನು ಹೇಳಿದ್ದರೆ ಅದು ಮಾರಾಟದ ಮಾತಾಗುತ್ತಿತ್ತು. ಆದರೂ ಅವರು ಒಂದು ಷರತ್ತು ಹಾಕಿದರು: ಮೊದಲು ಸಂಘದ ಕೊಠಡಿಯನ್ನು ಈ ಇಟ್ಟಿಗೆಯಲ್ಲಿ ಕಟ್ಟಬೇಕು, ಒಂದು ಮಳೆಗಾಲ ನೋಡಬೇಕು, ಆಮೇಲೆ ಮನೆ. ಅನುದಾನದ ಗಡುವು ತಪ್ಪುತ್ತದೆಂದು ನಾನು ಚಡಪಡಿಸಿದೆ. ಅವರು ಕಾಯ್ದರು.

ಮಣ್ಣಿನ ಕೆಲಸದಲ್ಲಿ ಗುಟ್ಟೇನೂ ಇಲ್ಲ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟರೆ ಮರಳು ಕೆಳಗೆ, ನುಣುಪು ಮಣ್ಣು ಅದರ ಮೇಲೆ, ಜೇಡಿ ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಮರಳು ಮೂರರಲ್ಲಿ ಎರಡು ಪಾಲಿನಷ್ಟಿದ್ದು ಜೇಡಿ ಮಿತವಾಗಿದ್ದರೆ ಸಿಮೆಂಟ್ ಶೇ 7ರ ಆಸುಪಾಸು ಸಾಕು. ಜೇಡಿ ಹೆಚ್ಚಾದರೆ ಕಲ್ಲಿನ ಕ್ರಷರ್ ಪುಡಿ ಬೆರೆಸಬೇಕು. ನಮ್ಮದು ಕೆಂಪು ಮಣ್ಣು, ಅನುಕೂಲವಾಯಿತು. ಎರೆಮಣ್ಣಿನ ಸೀಮೆಯವರು ಇದೇ ಪಾಕವನ್ನು ನಂಬಬಾರದು, ಅದಕ್ಕೆ ಸುಣ್ಣ ಬೇಕು. ತೇವ ಎಷ್ಟಿರಬೇಕೆಂದು ತಿಳಿಯಲು ಕಲಸಿದ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡುತ್ತೇವೆ. ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಡಿಮೆ, ನಾಲ್ಕೈದು ಚೂರಾದರೆ ಹದ. ಮುದ್ದೆಯ ಹದ ಬಲ್ಲ ಕೈಗಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಇಟ್ಟಿಗೆ ಒತ್ತುವ ಕೈಯಂತ್ರದ ಸನ್ನೆಕೋಲನ್ನು ಒತ್ತಲು ಮಾತ್ರ ಬಲ ಬೇಕು. ಐದಾರು ಜನ ಸೇರಿದರೆ ದಿನಕ್ಕೆ ಐನೂರರ ಹತ್ತಿರ ಇಟ್ಟಿಗೆ ಬರುತ್ತದೆ.

ಕಷ್ಟವಾದದ್ದು ಕ್ಯೂರಿಂಗ್. ಮೂರು ವಾರ ಒದ್ದೆಯಾಗಿರಬೇಕಾದ ಇಟ್ಟಿಗೆಗೆ, ಟ್ಯಾಂಕರ್ ನೀರು ಕಾಯುವ ಊರಿನಲ್ಲಿ ನೀರೆಲ್ಲಿಂದ? ಮಳೆ ಮುಗಿಯುತ್ತಿದ್ದಂತೆ, ಕುಂಟೆಯಲ್ಲಿ ನೀರಿರುವಾಗಲೇ ಇಟ್ಟಿಗೆ ಒತ್ತಿ, ಗೋಣಿಚೀಲ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆವು. ಆವಿಯಾಗುವುದು ನಿಂತರೆ ನೀರಿನ ಖರ್ಚು ಬಹಳ ಇಳಿಯುತ್ತದೆ.

ಕೂಲಿಯ ಬಗ್ಗೆ ಒಂದು ಮಾತು. ಗಾರೆ ಕೆಲಸದಲ್ಲಿ ಮೇಸ್ತ್ರಿ ಗಂಡಸು, ಚಿತ್ತಾಳು ಹೆಂಗಸು ಎನ್ನುವುದು ಬರೆಯದ ಕಾನೂನು, ಕೂಲಿಯ ಅಂತರವೂ ಹಾಗೆಯೇ. ನಾವು ದಿನಗೂಲಿ ಬಿಟ್ಟು ಇಟ್ಟಿಗೆಯ ಲೆಕ್ಕಕ್ಕೆ ಹೋದೆವು. ಒತ್ತಿದವರಿಗೆ, ಜರಡಿ ಹಿಡಿದವರಿಗೆ, ಜೋಡಿಸಿದವರಿಗೆ ಸಮಪಾಲು. ಕೆಲವು ಗಂಡಸರು ಮುನಿಸಿಕೊಂಡು ಕೆಲಸ ಬಿಟ್ಟರು. ಎರಡು ವಾರದಲ್ಲಿ ಸನ್ನೆಯನ್ನು ಇಬ್ಬಿಬ್ಬರು ಹೆಂಗಸರು ಜೋತುಬಿದ್ದು ಒತ್ತುವುದನ್ನು ರೂಢಿ ಮಾಡಿಕೊಂಡರು. ಈಗ ಅವರಲ್ಲಿ ಕೆಲವರು ಗೋಡೆ ಕಟ್ಟುತ್ತಾರೆ, ತೂಗುಗುಂಡು ಹಿಡಿಯುತ್ತಾರೆ, ಬೇರೆ ಊರಿನ ಕೆಲಸಕ್ಕೆ ಮೇಸ್ತ್ರಿಯ ಕೂಲಿಯನ್ನೇ ಕೇಳುತ್ತಾರೆ. ಸಿಗುವುದು ಯಾವಾಗಲೂ ಅಷ್ಟಲ್ಲ.

ಚಾವಣಿಗೆ ಮೋಲ್ಡೇ ಹಾಕಿದೆವು, ಆದರೆ ಪೂರ್ತಿ ಕಾಂಕ್ರೀಟ್ ಅಲ್ಲ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಹೊರೆ ಹೊರುವುದಿಲ್ಲ, ಅಲ್ಲಿ ಕೆಲಸ ಮಾಡುವುದು ಕಬ್ಬಿಣ. ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚು ಜೋಡಿಸಿದರೆ ಕಾಂಕ್ರೀಟೂ ತೂಕವೂ ಉಳಿಯುತ್ತವೆ, ಒಳಗಿನ ಕಾವೂ ಸ್ವಲ್ಪ ತಗ್ಗುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಮನೆಮಾತಾಗಿಸಿದರು. ಮೇಲೆ ಸುಣ್ಣ ಬಳಿಯುವುದು ವರ್ಷಕ್ಕೊಂದು ಸಲ, ಯುಗಾದಿಗೆ. ಹೊರಗಿನಿಂದ ನೋಡಿದರೆ ಅದು ಮೋಲ್ಡ್ ಮನೆ. ಆ ನೋಟಕ್ಕೂ ಬೆಲೆಯಿದೆ ಎಂದು ನಾನು ಒಪ್ಪಿಕೊಂಡಿದ್ದೇನೆ. ಹೆಣ್ಣು ಕೇಳಲು ಬರುವವರು ಇಂಧನದ ಲೆಕ್ಕ ಕೇಳುವುದಿಲ್ಲ.

ಒಳಗಿನ ವಿನ್ಯಾಸದಲ್ಲಿ ನನ್ನ ಮಾತು ನಡೆದದ್ದು ಕಡಿಮೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ಸಿಗುತ್ತಿದ್ದದ್ದು 1.2 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್. ಅಷ್ಟರಲ್ಲಿ ಆಡುಗಳಿಗೆ ಜಾಗ ಎಲ್ಲಿ? ಯಾವ ಮಾದರಿ ನಕ್ಷೆಯಲ್ಲೂ ಆಡು ಇಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆ ಇಟ್ಟು ಉಳಿದ ಜಾಗದಲ್ಲಿ ಹಿಂದೆ ಕೊಟ್ಟಿಗೆ ಮಾಡಿಕೊಂಡರು. ಪಶ್ಚಿಮದ ಬಿಸಿಲಿಗೆ ಜಗಲಿ ಅಡ್ಡ ಬಂತು. ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಬರೆದಿದ್ದೆ. ನಿಂತು ಮುದ್ದೆ ತಿರುವುವುದು ಹೇಗೆ, ಕೋಲಿಗೆ ಬಲ ಬರುವುದು ಕೂತಾಗಲೇ ಎಂದು ಅದನ್ನು ಹೊಡೆದು ಹಾಕಿದರು. ಗ್ಯಾಸ್ ಸಿಲಿಂಡರ್ ಎಲ್ಲರ ಮನೆಯಲ್ಲೂ ಇದೆ, ತುಂಬಿಸುವ ದುಡ್ಡು ಎಲ್ಲ ತಿಂಗಳೂ ಇರುವುದಿಲ್ಲ. ಹಾಗಾಗಿ ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನು ನೆಲಕ್ಕೇ ಅಂಟಿಸಿ ಕಟ್ಟಿದೆವು. ಸೌದೆ ಕಡಿಮೆ ಸಾಕು, ಹೊಗೆ ಹೊರಗೆ ಹೋಗುತ್ತದೆ. ಕೊಳವೆಯ ಮಸಿ ತೆಗೆಯದಿದ್ದರೆ ಮೊದಲಿಗಿಂತಲೂ ಹೆಚ್ಚು ಹೊಗೆ.

ಇನ್ನು ಸೋಲಾರ್. ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ಈ ಮನೆಗಳ ಕರೆಂಟ್ ಬಿಲ್ ಸೊನ್ನೆ. ಬಿಲ್ ಇಲ್ಲದ ಮನೆಯ ಚಾವಣಿಗೆ ಫಲಕ ಹಾಕಿಸಿ ಉಳಿಸುವುದೇನು? ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಅದು ದೊಡ್ಡ ಚಾವಣಿಯೂ ದೊಡ್ಡ ಬಿಲ್ಲೂ ಇರುವವರ ಕಡೆಗೇ ಹರಿಯುತ್ತದೆ. ನನಗೆ ಈ ಬಗ್ಗೆ ಸಿಟ್ಟಿದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಈ ಕಾಲೊನಿಗೆ ಬೇಕಾಗಿದ್ದದ್ದು ಬೆಳಕಲ್ಲ, ಹಗಲು ಕರೆಂಟ್ ಹೋದಾಗಲೂ ನಿಲ್ಲದ ಕೆಲಸ. ಸಂಘದ ಕೊಠಡಿಯ ಮೇಲೆ ಒಂದು ಕಿಲೋವಾಟ್ ಫಲಕ, ಕೆಳಗೆ ಬ್ಯಾಟರಿ, ಮೋಟಾರಿನ ಹೊಲಿಗೆ ಯಂತ್ರಗಳು. ಶಾಲೆಯ ಸಮವಸ್ತ್ರ, ಲಂಗ, ಪೇಟೆಯ ಅಂಗಡಿಗಳ ಆರ್ಡರ್.

ಸಾಲ ಕೊಡಿಸುವುದು ಫಲಕ ಹಾಕಿಸುವುದಕ್ಕಿಂತ ಹೆಚ್ಚು ಎಂಜಿನಿಯರಿಂಗ್ ಬೇಡುವ ಕೆಲಸ. ಒಂದು ಬ್ಯಾಂಕಿನ ವ್ಯವಸ್ಥಾಪಕರು ಜಮೀನಿನ ಆಧಾರ ಕೇಳಿದರು. ಇನ್ನೊಂದು ಬ್ಯಾಂಕ್ ಒಪ್ಪಿತು, ಆದರೆ ತಿಂಗಳ ಐದನೇ ತಾರೀಖಿಗೆ ಕಂತು. ಇವರಿಗೆ ದುಡ್ಡು ಬರುವುದು ವಾರಕ್ಕೊಮ್ಮೆ, ಕೂಲಿ ಬಟವಾಡೆಯ ದಿನ. ಅಕ್ಟೋಬರ್ ನವೆಂಬರಿನ ಕಡಲೆಕಾಯಿ ಸುಗ್ಗಿಯಲ್ಲಿ ಸ್ವಲ್ಪ ಹೆಚ್ಚು, ಬೇಸಿಗೆಯಲ್ಲಿ ಬಹಳ ಕಡಿಮೆ. ಬ್ಯಾಂಕಿನ ತಿಂಗಳಿಗೂ ಇವರ ವಾರಕ್ಕೂ ನಡುವೆ ಸಂಘ ನಿಂತಿತು: ವಾರವಾರ ಸಣ್ಣ ಮೊತ್ತ, ಸುಗ್ಗಿಯಲ್ಲಿ ದುಪ್ಪಟ್ಟು, ಬೇಸಿಗೆಯಲ್ಲಿ ಅರ್ಧ. ಇದೇ ತತ್ವವನ್ನು ಕರ್ನಾಟಕದಲ್ಲಿ 1995ರಿಂದ ಸೆಲ್ಕೋ ಎಂಬ ಸೋಲಾರ್ ಸಂಸ್ಥೆ ಬೇರೆಬೇರೆ ಊರುಗಳಲ್ಲಿ ನಡೆಸಿ ತೋರಿಸಿದೆ, ನಾನು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ವಸೂಲಿಯಲ್ಲಿ ಬ್ಯಾಟರಿಯ ಪಾಲನ್ನು ಬೇರೆ ಡಬ್ಬಿಗೆ ಹಾಕುತ್ತಾರೆ. ನಾಲ್ಕೈದು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ, ಆಗ ಯಾರೂ ಅನುದಾನ ಕೊಡುವುದಿಲ್ಲ. ನೀರು ತುಂಬಿಸಲು, ಫ್ಯೂಸ್ ಬದಲಿಸಲು, ಫಲಕ ಒರೆಸಲು ಪಿಯುಸಿ ಮುಗಿಸಿದ ಒಬ್ಬ ಹುಡುಗಿಗೆ ತರಬೇತಿ ಕೊಟ್ಟೆವು. ಅವಳು ಮದುವೆಯಾಗಿ ಹಿಂದೂಪುರದ ಕಡೆ ಹೋದಳು. ಈಗ ಇಬ್ಬರು ಕಲಿತಿದ್ದಾರೆ. ಒಬ್ಬಾಕೆ ಐವತ್ತು ದಾಟಿದವರು, ಎಲ್ಲಿಗೂ ಹೋಗುವವರಲ್ಲ.

ಕಾಲೊನಿಯ ಕೊನೆಯ ಸಾಲಿನಲ್ಲಿ ಇನ್ನೂ ಕೆಲವು ಶೀಟಿನ ಗುಡಿಸಲುಗಳಿವೆ. ಅವರ ಪಾಲಿನ ಇಟ್ಟಿಗೆ ಒತ್ತಿ ಜೋಡಿಸಿಟ್ಟಾಗಿದೆ. ಗುಡಿಸಲು ನಿಂತಿರುವುದು ಸರ್ಕಾರಿ ಜಾಗದಲ್ಲಿ, ಹಕ್ಕುಪತ್ರ ಇಲ್ಲ, ಹಕ್ಕುಪತ್ರ ಇಲ್ಲದೆ ವಸತಿ ಅನುದಾನ ಇಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ ಭೂಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ಹಾಕಿಸಿದ್ದೇವೆ. ಹೊಸದಾಗಿ ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ಕ್ರಮ ಇದು: ಮಣ್ಣಿನ ಬಾಟಲಿ ಕುಲುಕುವ ಮೊದಲು ನಾಡಕಚೇರಿಗೆ ಹೋಗಿ, ಪ್ರತಿ ಮನೆಯ ನೆಲ ಯಾರ ಹೆಸರಿನಲ್ಲಿದೆ ನೋಡಿ, ಅರ್ಜಿಯನ್ನು ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಹಾಕಿಸಿ, ಸ್ವೀಕೃತಿ ಚೀಟಿಯನ್ನು ಅವರ ಕೈಗೇ ಕೊಡಿ. ನಮ್ಮ ಕೊನೆಯ ಸಾಲಿನ ಅರ್ಜಿಗಳು ಸ್ಥಳ ಪರಿಶೀಲನೆಯ ಹಂತದಲ್ಲಿವೆ. ಈ ಮಳೆಗಾಲದೊಳಗೆ ಆದೇಶ ಬಾರದಿದ್ದರೆ, ಒತ್ತಿಟ್ಟ ಇಟ್ಟಿಗೆಯಲ್ಲಿ ಅವರಿಗೆ ಬಚ್ಚಲನ್ನಾದರೂ ಕಟ್ಟಿಬಿಡೋಣ ಎಂದು ಸಂಘ ತೀರ್ಮಾನ ಮಾಡಿದೆ.