ಫೈಟರ್ ಪೈಲಟ್ ಕಣ್ಣು ಬೇಕಾ? ಮಂಡ್ಯ ಸರ್ವಿಸ್ ರೋಡಿಗೆ ಬನ್ನಿ

ದಿನಾ ಮೈಸೂರಿಂದ ಮಂಡ್ಯಕ್ಕೆ ಬೈಕಲ್ಲಿ ಹೋಗಿಬರೋನು ನಾನು, 2023ರ ಆಗಸ್ಟಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಟೂವೀಲರ್ ಬಿಡಲ್ಲ, ಹಂಗಾಗಿ ಸರ್ವಿಸ್ ರೋಡೇ ಗತಿ. ಚಿಕ್ಕೋನಿಂದ ಯುದ್ಧವಿಮಾನದ ಹುಚ್ಚು ಬೇರೆ. ಎರಡೂ ಸೇರಿ ನಂಗೆ ತಿಳಿದಿದ್ದು ಇಷ್ಟು, ಆ ಪೈಲಟ್‌ಗಳಿಗೆ ಮೀಸೆಗಿಂತ ಕಣ್ಣು ಮುಖ್ಯ ಗುರೂ.

ಮೊದ್ಲು ಸೂರ್ಯ. 1916ರಲ್ಲಿ, ಮೊದಲನೇ ಮಹಾಯುದ್ಧದ ಟೈಮಲ್ಲಿ, ಜರ್ಮನಿಯ ಫೈಟರ್ ಪೈಲಟ್ ಓಸ್ವಾಲ್ಡ್ ಬೋಲ್ಕೆ ಆಕಾಶದ ಕಾಳಗಕ್ಕೆ ಬರೆದಿಟ್ಟ ರೂಲ್ಸಲ್ಲಿ ಮೊದಲನೇದ್ರಲ್ಲೇ ಇದೆ, ಆದಷ್ಟೂ ಸೂರ್ಯನ್ನ ಬೆನ್ನಿಗಿಟ್ಕೊಂಡು ಮೇಲೆ ಬೀಳಿ ಅಂತ. ನನ್ನ ಕರ್ಮ ನೋಡಿ, ಬೆಳಗ್ಗೆ ಮಂಡ್ಯ ಕಡೆ ಹೊರಟ್ರೂ ಬಿಸಿಲು ಕಣ್ಣಿಗೆ, ಸಂಜೆ ವಾಪಸ್ ಬರೋವಾಗ್ಲೂ ಕಣ್ಣಿಗೇ. ಎದುರಿಂದ ರಾಂಗ್ ಸೈಡಲ್ಲಿ ಬರೋನಿಗೆ ನಾನು ಫಳಫಳ ಕಾಣ್ತೀನಿ, ನಂಗೆ ಅವನು ಕಾಣಲ್ಲ. ಹೆಬ್ಬೆಟ್ಟಲ್ಲಿ ಸೂರ್ಯನ್ನ ಮುಚ್ಚಿ ಅದರ ಸುತ್ತ ಹುಡುಕೋದು ಪೈಲಟ್‌ಗಳ ಹಳೇ ಉಪಾಯ, ಆದ್ರೆ ಗಾಡಿ ನಿಲ್ಸಿ ಟ್ರೈ ಮಾಡಿ ಮಾರಾಯ್ರೇ.

ಇನ್ನು ಖಾಲಿ ಆಕಾಶ. ಅಲ್ಲಿ ನೋಡೋಕೆ ಏನೂ ಇಲ್ದಿದ್ರೆ ಕಣ್ಣು ತಾನಾಗೇ ಒಂದೆರಡು ಮೀಟರ್ ದೂರಕ್ಕೆ ಫೋಕಸ್ ಆಗಿ ಕೂತ್ಬಿಡುತ್ತೆ, ದೂರದ ಚುಕ್ಕಿ ಕಾಣೋದೇ ಇಲ್ಲ. ಚಾಮುಂಡಿ ಬೆಟ್ಟಕ್ಕೆ ಹೋದಾಗ ಹದ್ದು ಹುಡುಕಿ ನೋಡಿ. ಮೊದ್ಲು ದೂರದ ಒಂದು ಕಟ್ಟಡಾನೋ ಮೋಡಾನೋ ನೋಡಿ ಕಣ್ಣು ಸೆಟ್ ಮಾಡ್ಕೊಂಡು, ಆಮೇಲೆ ಆಕಾಶನ ತುಂಡು ತುಂಡಾಗಿ, ಒಂದೊಂದು ತುಂಡಲ್ಲಿ ಚೂರು ನಿಂತು ನೋಡಿ. ಸರ್ರಂತ ಕಣ್ಣು ಆಡ್ಸಿದ್ರೆ ನಡುವೆ ಇದ್ದಿದ್ದು ಕಾಣಲ್ಲ.

ಕಬ್ಬಿನ ಟ್ರಾಕ್ಟರ್ ಪಾಠ ನಂಗಿಷ್ಟ. ಗದ್ದೆ ದಾರಿಯಿಂದ ಟ್ರಾಕ್ಟರ್ ಬರ್ತಾ ಇದೆ ಅನ್ಕೊಳಿ, ಅದು ನಿಮ್ಮ ಕಣ್ಣಲ್ಲಿ ಹಿಂದಕ್ಕೋ ಮುಂದಕ್ಕೋ ಜರುಗ್ತಾ ಇದ್ರೆ ಪರ್ವಾಗಿಲ್ಲ. ಮಿರರ್ ಪಕ್ಕ ಅಂಟಿಸ್ದಂಗೆ ಒಂದೇ ಜಾಗದಲ್ಲಿ ನಿಂತು ಬರೀ ದಪ್ಪ ಆಗ್ತಾ ಇದ್ರೆ ಇಬ್ರೂ ಒಂದೇ ಕಡೆ ಸೇರ್ತೀರ ಅಂತ ಲೆಕ್ಕ, ತಕ್ಷಣ ಸ್ಪೀಡ್ ಬದಲಾಯ್ಸಿ. ಆಕಾಶದಲ್ಲಿ ಡಿಕ್ಕಿ ಆಗೋದೂ ಹಿಂಗೇ. ಅಲುಗಾಡದೇ ಇರೋದನ್ನ ಕಣ್ಣು ಲೆಕ್ಕಕ್ಕೇ ತಗೊಳಲ್ಲ.

ಟಾರ್ಗೆಟ್ಟನ್ನೇ ದಿಟ್ಟಿಸ್ತಾ ಡೈವ್ ಹೊಡೆದು ನೆಲಕ್ಕೆ ಗುದ್ದಿದ ಪೈಲಟ್‌ಗಳಿದಾರೆ. ನಾನು ಶ್ರೀರಂಗಪಟ್ಟಣದ ಹತ್ರ ಒಂದು ಗುಂಡೀನ ತಪ್ಪಿಸ್ಬೇಕು ತಪ್ಪಿಸ್ಬೇಕು ಅಂತ ಅದನ್ನೇ ನೋಡ್ತಾ ನೀಟಾಗಿ ಅದರೊಳಗೇ ಇಳ್ಸಿದೆ, ರಿಮ್ ಬೆಂಡು. ಹೋಗ್ಬೇಕಾದ ಕಡೆ ನೋಡಿ, ಗಾಡಿ ಕಣ್ಣ ಹಿಂದೆ ಬರುತ್ತೆ.

ಗುಂಡು ಉಳಿಸೋದೂ ಕಲೀಬೇಕು. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮೊದಮೊದಲ ಮಾಡೆಲ್‌ಗಳಲ್ಲಿ ಒಟ್ಟು ಗುಂಡು ಇದ್ದಿದ್ದೇ 15 ಸೆಕೆಂಡ್ ಚಿಲ್ರೆಗೆ. ಅದಕ್ಕೇ ಅದನ್ನ ಹಾರಿಸ್ತಿದ್ದ ಪೈಲಟ್ ಸೇಲರ್ ಮಲಾನ್, ಹತ್ರ ಹೋಗಿ ಒಂದೆರಡು ಸೆಕೆಂಡ್ ಹೊಡೀರಿ ಅಂದಿದ್ದು. ಅವನದೇ ಇನ್ನೊಂದು ರೂಲು, ಯುದ್ಧದ ಜಾಗದಲ್ಲಿ 30 ಸೆಕೆಂಡಿಗಿಂತ ಜಾಸ್ತಿ ನೆಟ್ಟಗೆ ಹಾರಬೇಡಿ ಅಂತ. ಆ 30 ಸೆಕೆಂಡ್ ಲೆಕ್ಕ ನಂಗೆ ಮಿರರ್ ನೋಡೋಕೆ, ನಿಜ ಹೇಳ್ಬೇಕಂದ್ರೆ ಅದೂ ಕಮ್ಮಿನೇ.

ಕೊನೇದು, ನಿಮ್ಮ ಗಾಡಿ ಏನು ಮಾಡುತ್ತೆ ಅಂತ ಗೊತ್ತಿರಲಿ. ನಮ್ಮ ಪಕ್ಕದ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯ, 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ. ಅವರದು ನಿಧಾನದ ಮಿಸ್ಟೇರ್ ಜೆಟ್, ಎದುರಿಗಿದ್ದದ್ದು ಶಬ್ದದ ಎರಡರಷ್ಟು ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್. ಆದ್ರೆ ಆ ಸ್ಟಾರ್‌ಫೈಟರ್‌ಗೆ ರೆಕ್ಕೆ ಮೋಟು, ಮಿಸ್ಟೇರ್ ಥರ ತಿರುಗೋದು ಕಷ್ಟ. ಅದನ್ನ ಹೊಡೆದು ಕೆಡವಿದ್ರು, ತಾವೂ ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ.