ಹಗ್ಗಕ್ಕೆ ನೇತುಹಾಕಿದ ಲೆಕ್ಕ

ರಂಜಾನ್ ಹಬ್ಬಕ್ಕೆ ಎಂಟು ದಿನ ಬಾಕಿ ಇತ್ತು. ಕರ್ನೂಲಿನ ಒಂದು ಅಂಗಡಿಗೆ 480 ಪೀಸ್ ಜೀನ್ಸ್ ಮೂಟೆ ಕಟ್ಟಿ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಇಳಿಸಿದ್ದೆ. ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯಬೇಕಾದ ಇ-ವೇ ಬಿಲ್ ತೆಗೆಯಲು ಹೋದರೆ ಬರಲಿಲ್ಲ. ಎರಡು ತಿಂಗಳಿಂದ ನಾನು ಜಿಎಸ್‌ಟಿ ರಿಟರ್ನ್ ಹಾಕಿರಲಿಲ್ಲ. ಸತತ ಎರಡು ಸಲ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಬಾಕಿ ಉಳಿದರೆ ಇ-ವೇ ಬಿಲ್ ಬಂದ್ ಆಗುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಮಾಲಿನ ಬೆಲೆ 50,000 ರೂಪಾಯಿ ಮೀರಿತ್ತು, ರಾಜ್ಯದ ಗಡಿ ಬೇರೆ ದಾಟಬೇಕು. ಬಿಲ್ ಇಲ್ಲದೆ ಲಾರಿಯವರು ಮೂಟೆ ಮುಟ್ಟಲಿಲ್ಲ.

ದುಡ್ಡು ಇರಲಿಲ್ಲ ಅಂತಲ್ಲ, ಖಾತೆಯಲ್ಲಿತ್ತು. ಬಿಲ್ಲುಗಳ ಫೋಟೋ ತೆಗೆದು ಲೆಕ್ಕ ಬರೆಯುವವರಿಗೆ ಕಳಿಸಿದರೆ ನನ್ನ ಪಾಲಿನ ಕೆಲಸ ಮುಗಿಯುತ್ತಿತ್ತು. ಇಪ್ಪತ್ತು ನಿಮಿಷದ ಕೆಲಸ. ದಿನಾ ಬೆಳಿಗ್ಗೆ ನೆನಪಾಗುತ್ತಿತ್ತು, ದಿನಾ ‘ಊಟ ಆದ ಮೇಲೆ’ ಅಂತಿದ್ದೆ. ಅದೇ ಎರಡು ತಿಂಗಳಲ್ಲಿ ಹೊಸ ಲೇಬಲ್‌ಗೆ ಹದಿನೇಳು ಡಿಸೈನ್ ಕೂತು ಬರೆದಿದ್ದೆ ನೋಡಿ! ಯಾರೂ ಕೇಳಿರಲಿಲ್ಲ. ರಾತ್ರಿ ಎರಡು ಗಂಟೆವರೆಗೂ ಕೂತಿದ್ದೆ. ರಿಟರ್ನ್ ತಡವಾದದ್ದಕ್ಕೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ. ಅದನ್ನೇನೋ ಕಟ್ಟಿದೆ. ಕರ್ನೂಲಿನವರು ಫೋನಿನಲ್ಲಿ ಸುಮ್ಮನಾದರಲ್ಲ, ಆ ಸುಮ್ಮನಿರುವಿಕೆಯೇ ಜಾಸ್ತಿ ದುಬಾರಿ ಅನಿಸಿತು.

ಬಳ್ಳಾರಿಯಲ್ಲಿ ಜೀನ್ಸ್ ಕೆಲಸ ಹೇಗೆ ನಡೆಯುತ್ತದೆ ಅಂತ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಎಲ್ಲವೂ ಒಂದೇ ಸೂರಿನಡಿ ಆಗುವ ದೊಡ್ಡ ಕಾರ್ಖಾನೆಗಳು ಕಡಿಮೆ. ನನ್ನದು ಹದಿನಾಲ್ಕು ಮಷಿನ್‌ಗಳ ಯೂನಿಟ್. ಕಟಿಂಗ್ ನಮ್ಮಲ್ಲೇ ಆಗುತ್ತದೆ. ಸ್ವಲ್ಪ ಹೊಲಿಗೆ ನಮ್ಮಲ್ಲಿ, ಸ್ವಲ್ಪ ಪೀಸ್ ಲೆಕ್ಕದಲ್ಲಿ ಮನೆಗಳಿಗೆ ಹೋಗುತ್ತದೆ. ಆಮೇಲೆ ವಾಷಿಂಗ್‌ಗೆ ಇನ್ನೊಂದು ಕಡೆ. ವಾಪಸ್ ಬಂದ ಮೇಲೆ ಬಟನ್, ರಿವೆಟ್, ಇಸ್ತ್ರಿ, ಪ್ಯಾಕಿಂಗ್. ಒಂದೇ ಲಾಟ್ ಊರಲ್ಲಿ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಕಣ್ಣಿಗೆ ಕಾಣದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಇಂಥವನು ಇಂಥ ಕಸುಬಿಗೆ ಬಂದಿದ್ದೆ.

ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆ ಇದೆ ಅಂತ ಗೊತ್ತಾಗಿದ್ದು ಮಗನಿಂದ. ಅವನು ಕ್ಲಾಸಿನಲ್ಲಿ ಕೂರಲ್ಲ ಅಂತ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವರು ಒಂದೊಂದೇ ಪ್ರಶ್ನೆ ಓದುತ್ತಿದ್ದರು. ವಸ್ತು ಕಳೆಯುತ್ತಾನಾ, ಹಿಡಿದ ಕೆಲಸ ಅರ್ಧಕ್ಕೇ ಬಿಡುತ್ತಾನಾ, ಇನ್ನೊಬ್ಬರ ಮಾತಿನ ಮಧ್ಯೆ ಬಾಯಿ ಹಾಕುತ್ತಾನಾ. ನನ್ನ ಹೆಂಡತಿ ಮಗನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸಲ ನಿಮ್ಮ ತಾಯಿಯನ್ನೂ ಕರೆದುಕೊಂಡು ಬನ್ನಿ ಅಂತ ನನಗೆ ಅಂದರು ಡಾಕ್ಟರ್. ದೊಡ್ಡವರಲ್ಲಿ ಇದನ್ನು ಗುರುತಿಸಬೇಕಾದರೆ ಲಕ್ಷಣಗಳು 12 ವರ್ಷದೊಳಗೇ ಶುರುವಾಗಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಿಸಬೇಕು ಅಂತ ವಿವರಿಸಿದರು. ಅವ್ವ ಹೆಚ್ಚು ಹೊತ್ತು ತಗೊಳ್ಳಲಿಲ್ಲ. “ಎಣ್ಣಿ ತರಾಕ ಕಳಿಸಿದ್ರ ಬಾಟ್ಲಿ ಅಂಗಡ್ಯಾಗ ಇಟ್ಟು ಗೋಲಿ ಆಡಾಕ ಹೋಗ್ತಿದ್ನ್ರೀ. ಈಗ್ಲೂ ಹಂಗೇ ಅದಾನ” ಅಂದಳು. ಇದು ವಂಶದಲ್ಲಿ ಹರಿದು ಬರುವುದು ತುಂಬಾ ಜಾಸ್ತಿಯಂತೆ. ಆಗ ನನಗೆ 38.

ಮಾತ್ರೆ ವಿಷಯ ಸಣ್ಣದಾಗಿ ಹೇಳುತ್ತೇನೆ. ನನಗೆ ಬರೆದುಕೊಟ್ಟದ್ದು ಮಿಥೈಲ್‌ಫೆನಿಡೇಟ್. ಡಾಕ್ಟರ್ ಚೀಟಿ ಇಲ್ಲದೆ ಸಿಗಲ್ಲ, ಸಿಗಬಾರದು ಕೂಡ. ಬಿಪಿ ನೋಡಿಸುತ್ತಿರಬೇಕು. ನನಗೆ ಇದರಿಂದ ಉಪಯೋಗ ಆಗಿದೆ, ಹಿಡಿದ ಕೆಲಸ ಕೈಬಿಡಲ್ಲ. ಆದರೆ ಯಾವ ಕೆಲಸ ಹಿಡಿಯಬೇಕು ಅಂತ ಮಾತ್ರೆ ಹೇಳಲ್ಲ. ಶುರುವಿನ ವಾರದಲ್ಲೇ ಮಾತ್ರೆ ನುಂಗಿ ಮೂರು ಗಂಟೆ ಅಲ್ಲಾಡದೆ ಕೂತು ಬಟನ್‌ಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದೆ. ಬಹಳ ಚೆನ್ನಾಗಿ ಜೋಡಿಸಿದ್ದೆ.

ಹೀಗಾಗಿ ಯೂನಿಟ್ಟನ್ನೇ ಬದಲಾಯಿಸಬೇಕಾಯಿತು. ಮೊದಲು ಫೋನಿನ ಆ್ಯಪ್‌ಗಳನ್ನು ನೋಡಿದೆ. ಆರೇಳು ಹಾಕಿಕೊಂಡಿರಬೇಕು. ಮೊದಲ ನಾಲ್ಕು ದಿನ ಹಬ್ಬ, ಐದನೇ ದಿನ ಅದು ಫೋನಿನಲ್ಲಿದೆ ಅನ್ನುವುದೇ ಮರೆತುಹೋಗುತ್ತಿತ್ತು. ಗೋಡೆಗೆ ಬೋರ್ಡ್ ಹಾಕಿದೆ, ಎರಡು ವಾರಕ್ಕೆ ಬೋರ್ಡೂ ಗೋಡೆಯೇ ಆಗಿಬಿಟ್ಟಿತು. ಕೊನೆಗೆ ಉಳಿದದ್ದು ಹಗ್ಗ.

ಯೂನಿಟ್ಟಿನ ಉದ್ದಕ್ಕೂ, ನನ್ನ ತಲೆಗೆ ತಾಗುವಷ್ಟು ಎತ್ತರದಲ್ಲಿ ಒಂದು ಹಗ್ಗ ಕಟ್ಟಿದ್ದೇನೆ. ಪ್ರತಿ ಆರ್ಡರಿನ ಒಂದು ಸ್ಯಾಂಪಲ್ ಪೀಸ್ ಅದಕ್ಕೆ ನೇತುಹಾಕುತ್ತೇವೆ. ಪೀಸಿಗೆ ಒಂದು ರಟ್ಟಿನ ಚೀಟಿ. ಅದರ ಮೇಲೆ ಪಾರ್ಟಿ ಹೆಸರು, ಎಷ್ಟು ಪೀಸ್, ಕಳಿಸಬೇಕಾದ ದಿನ, ಬರಬೇಕಾದ ದುಡ್ಡು. ಬಾಗಿಲ ಕಡೆಯಿಂದ ಕಟಿಂಗ್, ಹೊಲಿಗೆ, ವಾಷಿಂಗ್, ಫಿನಿಶಿಂಗ್ ಅಂತ ಜಾಗ. ಕೆಲಸ ಮುಂದೆ ಹೋದ ಹಾಗೆ ಪ್ಯಾಂಟೂ ಮುಂದೆ ಹೋಗುತ್ತದೆ. ಕೊನೆಯ ಜಾಗ ನನ್ನ ಕುರ್ಚಿಯ ಎದುರಿಗೇ ಇದೆ: ಮಾಲು ಹೋಗಿದೆ, ದುಡ್ಡು ಬಂದಿಲ್ಲ. ಹಣ ಖಾತೆಗೆ ಬೀಳುವ ತನಕ ಆ ಪ್ಯಾಂಟ್ ಇಳಿಸುವ ಹಾಗಿಲ್ಲ. ಇದರಿಂದ ಆದ ಲಾಭ ಏನಂದರೆ, ಮುಂಚೆ ಮಾಲು ಲಾರಿ ಹತ್ತಿದ ಕೂಡಲೇ ನನ್ನ ತಲೆಯಲ್ಲಿ ಆ ಆರ್ಡರ್ ಮುಗಿದುಹೋಗುತ್ತಿತ್ತು. ದುಡ್ಡು ಕೇಳುವುದೇ ಮರೆಯುತ್ತಿದ್ದೆ. ಸರ್ಕಾರದ ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣ ತಯಾರಕರಿಗೆ, ಬರವಣಿಗೆಯಲ್ಲಿ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ನಾನೇ ಕೇಳದಿದ್ದರೆ ಕಾನೂನು ಏನು ಮಾಡೀತು? ಈಗ ಏಳು ಪ್ಯಾಂಟ್ ಮುಖಕ್ಕೆ ತಾಗಿದರೆ ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ.

ತೆರಿಗೆಗೆ ಬೇರೆ ಉಪಾಯ ಬೇಕಾಯಿತು, ಯಾಕಂದರೆ ಅದನ್ನು ನೇತುಹಾಕಲು ಬರಲ್ಲ. ಪ್ರತಿ ತಿಂಗಳು 7ನೇ ತಾರೀಖು ಸಂಜೆ ಐದಕ್ಕೆ ಲೆಕ್ಕದ ಹುಡುಗ ಯೂನಿಟ್ಟಿಗೇ ಬಂದು ನನ್ನ ಪಕ್ಕ ಕೂರುತ್ತಾನೆ. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ 3ಬಿ. ಅದಕ್ಕೂ ಮುಂಚೆಯೇ ಎಲ್ಲ ಬಿಲ್ ಅವನ ಕೈಗೆ ಸೇರಬೇಕು. ಅವನು ಕೂತಲ್ಲಿ ಬೇರೆ ಯಾರದೋ ಲೆಕ್ಕ ಬರೆಯುತ್ತಿರುತ್ತಾನೆ, ನಾನು ಬಿಲ್ ಹುಡುಕುತ್ತೇನೆ. ಮಾತಿಲ್ಲ. ಪಕ್ಕದಲ್ಲಿ ಒಬ್ಬರು ಇದ್ದರೆ ಸಾಕು, ನನ್ನ ಕೈ ಓಡುತ್ತದೆ. ಯಾಕೆ ಅಂತ ಕೇಳಬೇಡಿ. ಅವನ ಪೆಟ್ರೋಲಿಗೆ, ಚಹಾ ಮಿರ್ಚಿಗೆ ಆಗುವ ಖರ್ಚು ಲೇಟ್ ಫೀ ಮುಂದೆ ಏನೂ ಅಲ್ಲ.

ಈ ಕೆಲಸ ಮೊದಲು ಹೆಂಡತಿ ಮಾಡುತ್ತಿದ್ದಳು. ಮಾಡುತ್ತಿದ್ದಳು ಅಂದರೆ ನಾನೇ ಅವಳ ಮೇಲೆ ಹೇರಿದ್ದೆ. ‘ನೆನಪು ಮಾಡು’ ಅನ್ನುವುದು, ನೆನಪು ಮಾಡಿದರೆ ಸಿಡುಕುವುದು. ಒಂದು ದಿನ ಅವಳು, “ನಾನೇನು ನಿಮ್ಮ ಅಲಾರಮ್ಮಾ?” ಅಂದಳು. ಆಮೇಲೆ ಎರಡು ದಿನ ಮಾತಾಡಲಿಲ್ಲ. ಅವಳ ಮಾತು ನಿಜವೇ ಆಗಿತ್ತು. ಅಲಾರಂ ಕೆಲಸಕ್ಕೆ ಸಂಬಳ ಕೊಟ್ಟು ಹೊರಗಿನವರನ್ನೇ ಇಟ್ಟುಕೊಳ್ಳಬೇಕು. ಅವರ ಮೇಲೆ ಸಿಡುಕಲು ನಮಗೆ ಅಷ್ಟು ಧೈರ್ಯ ಇರಲ್ಲ.

ಇನ್ನೊಂದು ದೊಡ್ಡ ಪೆಟ್ಟು ಬಟ್ಟೆಯದು. ಹೊಸ ಸ್ಟ್ರೆಚ್ ಡೆನಿಮ್ ಬಂದಿತ್ತು. ಕತ್ತರಿಸುವ ಮುಂಚೆ 50 ಸೆಂಟಿಮೀಟರ್ ಗುರುತು ಹಾಕಿದ ತುಂಡನ್ನು ವಾಷ್ ಮಾಡಿಸಿ ಎಷ್ಟು ಕುಗ್ಗಿತು ಅಂತ ಅಳೆಯಬೇಕು. ಕಟಿಂಗ್ ಮಾಸ್ಟರ್, “ಅಣ್ಣ, ಶ್ರಿಂಕೇಜ್ ನೋಡೀರೇನು?” ಅಂದರು. ನನ್ನ ಕಿವಿಯಲ್ಲಿ ಫೋನ್ ಇತ್ತು. “ಹೂಂ, ಹಾಕ್ರಿ” ಅಂದೆ. ನಾನು ನೋಡಿದ್ದು ಹಳೆಯ ಥಾನಿನದು. ಈ ಬಟ್ಟೆ ಅಡ್ಡಕ್ಕೆ 50 ಇದ್ದದ್ದು 47 ಆಗುವಂಥದ್ದು. 32ರ ಸೊಂಟ 30 ಆಗಿ ಬಂತು, ಇಡೀ ಲಾಟ್. ಲೇಬಲ್ ಬದಲಾಯಿಸಿ ಕಡಿಮೆ ರೇಟಿಗೆ ಬಿಟ್ಟೆ. ಅವತ್ತಿನಿಂದ ನನ್ನ ‘ಹೂಂ’ಗೆ ನಮ್ಮಲ್ಲಿ ಬೆಲೆ ಇಲ್ಲ. ವಾಷ್ ಆದ ತುಂಡು ಟೇಬಲ್ ಮೇಲೆ ಬಿದ್ದರೆ ಮಾತ್ರ ಮಾಸ್ಟರ್ ಕತ್ತರಿ ಮುಟ್ಟುತ್ತಾರೆ. ನಾನು ಎಷ್ಟೇ ಕೂಗಾಡಿದರೂ ಮುಟ್ಟಬೇಡಿ ಅಂತ ನಾನೇ ಹೇಳಿಟ್ಟಿದ್ದೇನೆ.

ಹೊಸ ಐಡಿಯಾಗಳದ್ದು ಬೇರೆಯೇ ಕಥೆ. ಅವು ಬರುವುದು ನಿಲ್ಲಲ್ಲ, ನಿಲ್ಲಲಿ ಅಂತ ಆಸೆಯೂ ಇಲ್ಲ. ಈ ಧಂದೆಯಲ್ಲಿ ನಾನು ಉಳಿದಿರುವುದೇ ಅವುಗಳಿಂದ. ಆದರೆ ಮುಂಚೆ ಬೆಳಿಗ್ಗೆ ಐಡಿಯಾ ಬಂದರೆ ಸಂಜೆಗೆ ಬಟ್ಟೆಗೆ ಅಡ್ವಾನ್ಸ್ ಕೊಟ್ಟಿರುತ್ತಿದ್ದೆ. ಈಗ ಅಮಾವಾಸ್ಯೆ ತನಕ ಕಾಯಬೇಕು. ಅವತ್ತು ನಮ್ಮ ಕಡೆ ಅಂಗಡಿ, ಮಷಿನ್, ಗಾಡಿಗಳಿಗೆ ಪೂಜೆ. ಕಾಯಿ ಒಡೆದ ಮೇಲೆ ಮಷಿನ್ ಆಡಿಸಲ್ಲ. ಆ ಖಾಲಿ ಹೊತ್ತಿನಲ್ಲಿ ಮಾಸ್ಟರ್, ನಾನು, ನನ್ನ ತಮ್ಮ ಕೂತು ಐಡಿಯಾ ಪುಸ್ತಕ ತೆಗೆಯುತ್ತೇವೆ. ಹೆಚ್ಚಿನವು ನನಗೇ ನಗು ತರಿಸುತ್ತವೆ. ದಾಟಿದ ಐಡಿಯಾಗೆ ಒಂದೇ ಒಂದು ಸ್ಯಾಂಪಲ್ ಪೀಸ್ ಹೊಲಿಸಬಹುದು. ಹೋದ ವರ್ಷ ಬರೆದ ಹನ್ನೊಂದರಲ್ಲಿ ದಾಟಿದ್ದು ಎರಡು. ಮಾರಾಟವಾದದ್ದು ಒಂದು, ಸಣ್ಣ ಮಕ್ಕಳಿಗೆ ಸೊಂಟಕ್ಕೆ ಎಲಾಸ್ಟಿಕ್ ಹಾಕಿದ ಜೀನ್ಸ್. ಅದು ಹೊಳೆದದ್ದು ಮಗ ಬಟನ್ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿ.

ಸರಿಹೋಗದ್ದೂ ಇದೆ. ಎಷ್ಟು ದಿನ ಹಿಡಿಯುತ್ತದೆ ಅಂತ ನನಗೆ ಇವತ್ತಿಗೂ ಅಂದಾಜು ಸಿಗಲ್ಲ. ಪಾರ್ಟಿ ಕೇಳಿದ ಕೂಡಲೇ ಬಾಯಿಗೆ ಬಂದ ದಿನ ಹೇಳಿಬಿಡುತ್ತೇನೆ. ಅದಕ್ಕೆ ಈಗ ವಾಷಿಂಗ್‌ನವರ ಹತ್ತಿರ ಮುಂಚೆಯೇ ದಿನ ಬುಕ್ ಮಾಡಿಸುತ್ತೇನೆ. ನಾನೇ ಇಟ್ಟುಕೊಂಡ ಗಡುವನ್ನು ನನ್ನ ತಲೆ ನಂಬಲ್ಲ, ಅವರ ಗಡುವನ್ನು ನಂಬುತ್ತದೆ. ಆದರೂ ಹೇಳಿದ ದಿನಕ್ಕೂ ಆಗುವ ದಿನಕ್ಕೂ ಅಂತರ ಉಳಿದೇ ಉಳಿಯುತ್ತದೆ. ಮಾಸ್ಟರ್ ಅದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ನಾನು ದಿನ ಹೇಳಿ ಮುಗಿಸಿದ ಮೇಲೆ ಫೋನ್ ತಗೊಂಡು, “ಅಣ್ಣ ಹೇಳಿದ್ದಕ್ಕ ಇನ್ನೊಂದು ವಾರ ಸೇರಿಸ್ಕೊಳ್ರಿ” ಅಂತಾರೆ. ಕರ್ನೂಲಿನವರಂತೂ ಈಗ ನನ್ನ ಹತ್ತಿರ ಕೇಳುವುದನ್ನೇ ಬಿಟ್ಟಿದ್ದಾರೆ. ಫೋನ್ ಎತ್ತಿದ ಕೂಡಲೇ, “ಮಾಸ್ಟರ್‌ಗೆ ಕೊಡಿ” ಅನ್ನುತ್ತಾರೆ.