ಬಾಯಿ, ಅನ್ನನಾಳ: ಎರಡು ಕ್ಯಾನ್ಸರ್, ಒಂದೇ ಸಿಟ್ಟಿಂಗ್

ಬಾಯಿ ಕ್ಯಾನ್ಸರ್ ಜೊತೆ ಅನ್ನನಾಳದಲ್ಲೂ ಬೇರೆಯದೇ ಕ್ಯಾನ್ಸರ್ ಇದ್ದರೆ, ಎರಡನ್ನೂ ಒಂದೇ ಸಲ ತೆಗೆಯಬಹುದು. ಮೈಸೂರಿನಲ್ಲೇ ತೆಗೆಯಬಹುದು. ನಾನು ಶುರು ಮಾಡಿದಾಗ 'ಟೇಬಲ್ ಮೇಲೇ ಹೋಗ್ತಾರೆ, ಬೆಂಗಳೂರಿಗೆ ಕಳಿಸಿ' ಅಂದವರೇ ಜಾಸ್ತಿ. ಈಗ ಅವರೇ ಕೇಸ್ ಕಳಿಸುತ್ತಾರೆ. ಹತ್ತು ಹನ್ನೆರಡು ಜನಕ್ಕೆ ಮಾಡಿದ್ದೇವೆ, ಹೆಚ್ಚಿನವರು ಬಾಯಿಂದಲೇ ಊಟ ಮಾಡುತ್ತಿದ್ದಾರೆ.

ಎಲ್ಲರಿಗೂ ಇದು ಬೇಡ. ಅನ್ನನಾಳದ್ದು ಆಳಕ್ಕೆ ಇಳಿದಿದ್ದರೆ ಮೊದಲು ಕೀಮೋ-ರೇಡಿಯೇಷನ್ ಬೇಕು. ಬಾಯಿಯದು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಅನ್ನನಾಳದ್ದು ಮೇಲ್ಪದರದ್ದಾಗಿದ್ದರೆ, ಶ್ವಾಸಕೋಶ ಚೆನ್ನಾಗಿದ್ದರೆ ಮಾತ್ರ ಒಟ್ಟಿಗೆ.

ನಮ್ಮನ್ನು ಜಾಸ್ತಿ ಸತಾಯಿಸಿದ್ದು ಪೆಗ್ ಟ್ಯೂಬ್, ಅಂದರೆ ಆಹಾರ ಕೊಡಲು ಹೊಟ್ಟೆಯ ಮೇಲಿಂದ ಜಠರಕ್ಕೆ ಹಾಕುವ ಕೊಳವೆ. ಬಾಯಿ ತೆರೆಯಲು ಆಗುತ್ತಿಲ್ಲ ಅಂತ ಬೇರೆ ಕಡೆ ಪೆಗ್ ಹಾಕಿಸಿಕೊಂಡು ಒಬ್ಬರು ಬಂದರು. ನಮ್ಮ ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕ್ಯಾನ್ಸರೂ ಸಿಕ್ಕಿತು. ಜಠರದ ದೊಡ್ಡ ಅಂಚಿನ ರಕ್ತನಾಳ ಅಷ್ಟರಲ್ಲಿ ಪೆಗ್‌ನಿಂದ ಹಾಳಾಗಿತ್ತು. ತೆಗೆದ ಅನ್ನನಾಳದ ಜಾಗಕ್ಕೆ ಜಠರವನ್ನೇ ಕೊಳವೆ ಮಾಡಿ ಕುತ್ತಿಗೆವರೆಗೆ ಎಳೆಯುತ್ತೇವೆ, ಅದು ಬದುಕುವುದೇ ಆ ರಕ್ತನಾಳದಿಂದ; ಅದಿಲ್ಲದೆ ಹೇಗೆ ಮಾಡುವುದು? ದೊಡ್ಡ ಕರುಳನ್ನೇ ಎಳೆದು ಕೂರಿಸಬೇಕಾಯಿತು. ಐಸಿಯುನಲ್ಲಿ ಮೂರು ವಾರದ ಹತ್ತಿರ. ಅಲ್ಲಿಂದ ನಮ್ಮಲ್ಲಿ ಜಠರ ಬಿಟ್ಟು ಸಣ್ಣ ಕರುಳಿಗೆ ಟ್ಯೂಬ್ ಹಾಕುವ ಜೆಜುನಾಸ್ಟಮಿ ಮಾತ್ರ. ದಯವಿಟ್ಟು ಸ್ಕೋಪ್‌ನಲ್ಲಿ ಅನ್ನನಾಳ ಸರಿಯಾಗಿ ನೋಡದೆ ಯಾರಿಗೂ ಪೆಗ್ ಹಾಕಬೇಡಿ.

ಎರಡನೆಯದು ಕುತ್ತಿಗೆ. ಮೇಲೆ ತಂದ ಜಠರದ ಕೊಳವೆಯನ್ನು ಉಳಿದ ಅನ್ನನಾಳಕ್ಕೆ ಕುತ್ತಿಗೆಯ ಎಡಗಡೆ ಜೋಡಿಸುವುದು ರೂಢಿ. ಬಾಯಿ ಕ್ಯಾನ್ಸರ್‌ಗಾಗಿ ಕುತ್ತಿಗೆಯ ಗಂಟುಗಳನ್ನು ತೆಗೆಯುವ ನೆಕ್ ಡಿಸೆಕ್ಷನ್ ಕೂಡ ಎಡಕ್ಕೇ ಇದ್ದರೆ, ಜೋಡಣೆಯಿಂದ ಲೀಕ್ ಆದ ಎಂಜಲು ನೇರವಾಗಿ ಹೊದಿಕೆಯಿಲ್ಲದ ಕೆರೋಟಿಡ್ (ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ) ಮೇಲೆ. ಹಾಗಾಗಿ ಆಗ ನಾನು ಬಲಗಡೆ ಜೋಡಿಸುತ್ತೇನೆ. ಕ್ಯಾನ್ಸರ್ ತೆಗೆದ ಕೆನ್ನೆಯನ್ನು ತುಂಬಲು ಎದೆಯ ಸ್ನಾಯುವಿನ ಫ್ಲಾಪನ್ನು (ತೇಪೆ) ತರುವಾಗ ಅದನ್ನೇ ಕೆರೋಟಿಡ್‌ಗೂ ಹೊದಿಸುತ್ತೇನೆ. ಲೀಕ್ ಈಗಲೂ ಆಗುತ್ತದೆ, ಆದರೆ ಡ್ರೆಸ್ಸಿಂಗ್‌ನಲ್ಲೇ ವಾಸಿಯಾಗುತ್ತದೆ. ಎದೆ, ಹೊಟ್ಟೆ, ಕುತ್ತಿಗೆ ಮುಗಿಸಿ ಬಾಯಿಯನ್ನು ಕೊನೆಗೆ ಮುಟ್ಟುತ್ತೇವೆ. ಎರಡು ತಂಡ, ಎರಡು ಟ್ರಾಲಿ, ಸುಮಾರು ಹತ್ತು ಗಂಟೆ. ಕೊನೆಗೆ ಕತ್ತಿನಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ಟ್ಯೂಬ್ ಹಾಕುವ ಟ್ರಕಿಯಾಸ್ಟಮಿ, ಕಫ ತೆಗೆಯಲು ಅದೇ ವರ.

ದುಡ್ಡಿನ ವಿಷಯ. ಆಯುಷ್ಮಾನ್‌ನಲ್ಲಿ ಒಂದೇ ಸಲ ಎರಡು ಆಪರೇಷನ್ ಆದರೆ ಎರಡನೆಯದಕ್ಕೆ ಅರ್ಧ ಪ್ಯಾಕೇಜ್ ಮಾತ್ರ. ಐಸಿಯು, ಫ್ಲಾಪ್ ಸೇರಿದರೆ ಆಸ್ಪತ್ರೆಗೆ ಕೈಯಿಂದಲೇ ಹೋಗುತ್ತದೆ. ಅದಕ್ಕೇ ಕುತ್ತಿಗೆಯ ಜೋಡಣೆಗೆ ಸ್ಟೇಪ್ಲರ್ ಬಿಟ್ಟು ಕೈಹೊಲಿಗೆ ಹಿಡಿದೆ. ಜೋಡಣೆಯ ಹಿಂಬದಿಗೆ ನಾನು ಹಾಕುವ ಹೊಲಿಗೆಯನ್ನು ಬರೆದು ತಿಳಿಸಲು ಆಗುವುದಿಲ್ಲ, ಥಿಯೇಟರಿಗೆ ಬಂದು ನೋಡಿ.

ಇನ್ನೊಂದು ಪ್ರಯೋಗ ನಡೆದಿದೆ. ಹುಣಸೂರು, ಮಳವಳ್ಳಿ ಕಡೆಯಿಂದ ಬರುವ ಎಷ್ಟೋ ಜನರಿಗೆ ಹೊಗೆಸೊಪ್ಪು, ಬೀಡಿ, ಕುಡಿತ ಮೂರೂ ಇರುತ್ತವೆ. ಅಂಥ ಬಾಯಿ ಕ್ಯಾನ್ಸರ್ ಕೇಸಿಗೆಲ್ಲ, ಅನ್ನನಾಳದ್ದೂ ಇದೆಯೇ ಅಂತ ನೋಡಲು, ಸ್ಕೋಪ್ ಮಾಡುವಾಗ ಅನ್ನನಾಳದ ಒಳಗೆ ಲುಗಾಲ್ ಅಯೋಡಿನ್ ಎಂಬ ಬಣ್ಣದ ದ್ರಾವಣ ಸಿಂಪಡಿಸುತ್ತೇನೆ. ಕೆಟ್ಟ ಜಾಗ ಬಣ್ಣ ಹಿಡಿಯುವುದಿಲ್ಲ. ಖರ್ಚು ಕಡಿಮೆ. ಎದೆ ಉರಿ ಅಂತಾರೆ, ಕೊನೆಗೆ ಅಯೋಡಿನ್‌ನ ಉರಿ ತಗ್ಗಿಸುವ ಸೋಡಿಯಂ ಥಯೋಸಲ್ಫೇಟ್ ಸಿಂಪಡಿಸಿದರೆ ತಡೆದುಕೊಳ್ಳುತ್ತಾರೆ. ಥೈರಾಯ್ಡ್ ತೊಂದರೆ, ಅಯೋಡಿನ್ ಅಲರ್ಜಿ ಇದ್ದವರಿಗೆ ಮಾತ್ರ ಬೇಡ.